ಅತ್ತೆಯ ಉಪವಾಸ ಮತ್ತು ನೀಲಿ ನೀರು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಲ್ಯಾಬಿನಲ್ಲಿ ಈ ಬೆಳಿಗ್ಗೆ ನನ್ನ ರಕ್ತ ತೆಗೆದ ಹುಡುಗಿ, ಹತ್ತಿ ಒತ್ತಿ ಹಿಡಿಯಲು ಹೇಳಿ, "ಖಾಲಿ ಹೊಟ್ಟೇದು ಆತ್ರಿ ಅಜ್ಜಾರ. ಈಗ ಹೋಗಿ ತಿಂಡಿ ತಿನ್ರಿ, ಎರಡು ತಾಸು ಬಿಟ್ಟು ಬರ್ರಿ, ಇನ್ನೊಂದು ಸಲ ತಗೀಬೇಕು" ಎಂದಳು. ದಿನಕ್ಕೆ ಎಷ್ಟು ಮಂದಿಗೆ ಈ ಮಾತು ಹೇಳುತ್ತಾಳೋ ಪಾಪ, ನನ್ನ ಮುಖ ಕೂಡ ನೋಡಲಿಲ್ಲ. ನಾನು ಮಾತ್ರ ಹತ್ತಿ ಒತ್ತಿಕೊಂಡು ಕುರ್ಚಿಯಲ್ಲೇ ಕೂತೆ. ಇಷ್ಟು ಸಣ್ಣ ಮಾತನ್ನು ಅರವತ್ತರ ದಶಕದಲ್ಲಿ ಯಾರಾದರೂ ನನಗೆ ಹೇಳಿದ್ದರೆ ನನ್ನ ಅತ್ತೆಯ ಕಾಲು ಉಳಿಯುತ್ತಿತ್ತೇನೋ.

ಅತ್ತೆ ಅಂದರೆ ಅಪ್ಪನ ಅಕ್ಕ, ಗಂಗವ್ವ. ತಾಯಿಯಿಲ್ಲದ ನನ್ನನ್ನು ಹರಿಹರದ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದವಳು. ಅವಳಿಗೊಂದು ಪದ್ಧತಿಯಿತ್ತು: ಮನೆಯಲ್ಲಿ ಏನೇ ದೊಡ್ಡದು ನಡೆಯಲಿ, ಹಿಂದಿನ ಸಂಜೆಯಿಂದಲೇ ಅನ್ನ ಬಿಡುವುದು. ಹೊಲದ ತಕರಾರು ಕೋರ್ಟಿಗೆ ಬಂದ ದಿನ ಉಪವಾಸ, ಅಪ್ಪ ದೂರದ ಪ್ರಯಾಣ ಹೊರಟರೆ ಉಪವಾಸ, ನನ್ನ ಮೆಟ್ರಿಕ್ ಫಲಿತಾಂಶದ ದಿನವಂತೂ ಕೇಳಲೇಬೇಡಿ. "ನಾವು ಏನಾರ ಬಿಟ್ರೆ ಅಲ್ವೇನಪ್ಪಾ ಶಿವ ಏನಾರ ಕೊಡೋದು?" ಅನ್ನುತ್ತಿದ್ದಳು. ನಾನು ಗಣಿತದಲ್ಲಿ ಪಾಸಾದದ್ದು ಅವಳ ಹಸಿವಿನಿಂದಲೇ ಎಂಬ ಅನುಮಾನ ನನಗೂ ಇತ್ತು. ನಾನು ಎಷ್ಟು ಓದಿದ್ದೆನೆಂಬುದು ನನಗೆ ಗೊತ್ತಲ್ಲ!

ಹಾಗೆ ಪಾಸಾಗಿ, ಮುಂದೆ ದಾವಣಗೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದೆ. ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುವುದು. ಬಯೋಕೆಮಿಸ್ಟ್ರಿ ಎಂಬ ಬೇರೆ ವಿಷಯ ಆಗ ನಮಗಿರಲಿಲ್ಲ. ಪ್ರಾಣಿಶಾಸ್ತ್ರದ ಮೇಷ್ಟ್ರೇ ಜೀವಕೋಶವನ್ನೂ ಅದರೊಳಗಿನ ರಸಾಯನವನ್ನೂ ಕಲಿಸುತ್ತಿದ್ದರು. ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಕೆರೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಮನೆಗೆ ಬಂದವನೇ ಅತ್ತೆಗೆ, ಮೈಯೆಲ್ಲ ಸಣ್ಣ ಸಣ್ಣ ಕೋಣೆಗಳಿಂದ ಕಟ್ಟಿದ್ದು ಎಂದು ಉಪನ್ಯಾಸ ಕೊಟ್ಟೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, "ಅಷ್ಟು ಕೋಣಿಗೆ ಕಸ ಹೊಡಿಯೋರು ಯಾರಪ್ಪಾ?" ಎಂದಳು.

ಅದೇ ವರ್ಷ, ಮೂತ್ರದಲ್ಲಿ ಸಕ್ಕರೆ ಇದೆಯೇ ಎಂದು ನೋಡುವ ಪ್ರಯೋಗ ಬಂತು. ನೀಲಿ ದ್ರಾವಣಕ್ಕೆ ಕೆಲವು ಹನಿ ಹಾಕಿ ಕಾಯಿಸಬೇಕು. ಸಕ್ಕರೆಯಿದ್ದರೆ ಹಸಿರು, ಹಳದಿ, ತೀರಾ ಹೆಚ್ಚಿದ್ದರೆ ಇಟ್ಟಿಗೆ ಕೆಂಪು. ಇಲ್ಲದಿದ್ದರೆ ನೀಲಿ ಹಾಗೆಯೇ ಉಳಿಯುತ್ತದೆ. ಕೇಳಿದ ಕೂಡಲೇ ನನಗೆ ಅತ್ತೆ ನೆನಪಾದಳು. ಕೆಲವು ತಿಂಗಳಿಂದ ಅತ್ತೆ ಊಟವಾದ ಮೇಲೆ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಬಚ್ಚಲಿಗೆ ಇರುವೆ ಮುತ್ತುತ್ತಿದ್ದವು. ಮೇಷ್ಟ್ರಿಗೆ ಹೇಳಿದೆ. "ತಗಂಡು ಬಾರಯ್ಯಾ, ನೋಡೋಣ" ಎಂದರು. ಯಾವ ಹೊತ್ತಿನದು ತರಬೇಕೆಂದು ಅವರು ಹೇಳಲಿಲ್ಲ, ನನಗೆ ಕೇಳಬೇಕೆಂದು ಹೊಳೆಯಲೂ ಇಲ್ಲ.

ಅತ್ತೆ ಮೊದಲು, "ಥೂ ನಿನ್ನ! ಇದನ್ನೂ ಓದಿಸ್ತಾರೇನೋ ಕಾಲೇಜಿನಾಗೆ?" ಎಂದು ಬೈದಳು. ಆಮೇಲೆ, ಇದೇನೋ ದೊಡ್ಡ ವಿಷಯವೇ ಎಂದು ತಿಳಿದ ಕೂಡಲೇ, ಯಾವಾಗಲೂ ಮಾಡುವುದನ್ನೇ ಮಾಡಿದಳು: ಸಂಜೆಯಿಂದ ಅನ್ನ ಬಿಟ್ಟಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಮುಖ ಆ ಕಡೆ ತಿರುಗಿಸಿಕೊಂಡು ಸೀಸೆ ಕೊಟ್ಟಳು. ರೈಲಿನಲ್ಲಿ ಗುತ್ತೂರಿನ ರೈತರೊಬ್ಬರು ನನ್ನ ಚೀಲದತ್ತ ಬಗ್ಗಿ, "ಜೇನುತುಪ್ಪ ಏನ್ರಿ?" ಎಂದರು. ನಾಚಿಕೆಗೆ "ಹೂಂ" ಅಂದುಬಿಟ್ಟೆ. "ಒಂದು ಹನಿ ನೆಕ್ಕಾಕೆ ಕೊಡ್ರಲ್ಲ" ಎಂದು ಅಂಗೈ ಚಾಚಿದರು. "ಔಷಧಿಗೆ ಬೇಕ್ರಿ" ಎಂದು ಸೀಸೆಯನ್ನು ಅವಚಿಕೊಂಡು ಬಾಗಿಲ ಹತ್ತಿರ ಹೋಗಿ ನಿಂತೆ.

ಕಾಯಿಸಿದೆವು. ನೀಲಿ ಕದಲಲಿಲ್ಲ. ಮೇಷ್ಟ್ರು ಬೆನ್ನು ತಟ್ಟಿದರು. ಸಂಜೆ ಸ್ಟೇಷನ್ನಿನಿಂದ ಮನೆಗೆ ಓಡಿದೆ. ಅತ್ತೆ ಗೋಡೆಗೆ ಒರಗಿ ಅತ್ತಳು, ಮರುದಿನ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು, ತಾನೂ ಸಂತೋಷವಾಗಿ ಉಂಡಳು. ಮುಂದೆ ಒಂದು ದಿನ ಹೊಳೆಯ ಮೆಟ್ಟಿಲಲ್ಲಿ ಎಡವಿ ಹೆಬ್ಬೆರಳಿಗೆ ಗಾಯವಾಯಿತು. ಅರಿಶಿನ ಹಚ್ಚಿದಳು, ಮಾಯಲಿಲ್ಲ. ಸಕ್ಕರೆ ಕಾಯಿಲೆ ಇರಬಹುದು, ಡಾಕ್ಟರಿಗೆ ತೋರಿಸು ಎಂದ ಪಕ್ಕದ ಮನೆಯವರಿಗೆ, "ಅದೆಲ್ಲ ಇಲ್ಲ ಬಿಡ್ರಿ, ನಮ್ಮ ಹುಡುಗ ಕಾಲೇಜಿನಾಗೆ ಕಾಯಿಸಿ ನೋಡ್ಯಾನೆ" ಎನ್ನುತ್ತಿದ್ದಳು. ಆ ಹೆಮ್ಮೆಯ ದನಿ ನನಗೆ ಆಗ ಎಷ್ಟು ಹಿತವಾಗಿತ್ತು!

ಗಾಯ ಕಪ್ಪಾಗುತ್ತಿದ್ದ ದಿನಗಳಲ್ಲೇ ಮೇಷ್ಟ್ರು ಪಾಠದ ನಡುವೆ ಹೇಳಿದರು: ಈ ರೋಗದಲ್ಲಿ ಸಕ್ಕರೆ ರಕ್ತದಲ್ಲೇ ಸುತ್ತುತ್ತದೆ, ಕೋಶದೊಳಗೆ ಸರಿಯಾಗಿ ಹೋಗದು; ಹೊಟ್ಟೆ ತುಂಬ ಉಂಡರೂ ಕೋಶಗಳು ಹಸಿದೇ ಇರುತ್ತವೆ. ರೋಗ ಬಲಿಯದವರಲ್ಲಿ, ಉಪವಾಸವಿದ್ದಾಗ ಮೂತ್ರದಲ್ಲಿ ಏನೂ ಕಾಣದಿರಬಹುದು. ಊಟವಾದ ಮೇಲಿನದನ್ನು ನೋಡಬೇಕು. ನಾನು ಬೆಂಚಿನಿಂದ ಎದ್ದುನಿಂತೆ. ಮೇಷ್ಟ್ರು ನನ್ನನ್ನು ನೋಡಿ ಸೀಮೆಸುಣ್ಣ ಕೆಳಗಿಟ್ಟರು. ಬೆಳಿಗ್ಗೆ ನಾನು ತಂದ ಆ ಸೀಸೆ ಅವರಿಗೂ ನೆನಪಾಗಿತ್ತು.

ಅತ್ತೆಯನ್ನು ದಾವಣಗೆರೆಯ ಆಸ್ಪತ್ರೆಗೆ ತಂದೆವು. ಮೊಣಕಾಲ ಕೆಳಗಿನದನ್ನು ತೆಗೆದರು. ನೋವು ಸ್ವಲ್ಪ ತಗ್ಗಿದ ಮೇಲೆ ನಾನು ಮಂಚದ ಪಕ್ಕ ಕೂತು, "ಅತ್ತಿ, ನೀನು ಉಪವಾಸ ಇದ್ದಿದ್ದಕ್ಕೇ ಅವತ್ತು ರೋಗ ಕಾಣಲಿಲ್ಲ" ಎಂದೆ. ಅವಳು ಚಾದರ ತಗ್ಗಿದ ಜಾಗದ ಮೇಲೆ ಕೈಯಾಡಿಸಿದಳು. "ಹಂಗಾರೆ ಶಿವ ನನ್ನ ಮಾತು ಕೇಳ್ಯಾನೆ ಬಿಡಪ್ಪಾ. ನೀಲಿ ಬರ್ಲಿ ಅಂತ ಬೇಡಿಕಂಡಿದ್ದೆ, ಬಂತು. ಕಾಲು ಉಳಿಸು ಅಂತ ನಾನೆಲ್ಲಿ ಬೇಡಿಕಂಡೆ?" ಎಂದಳು. ಮುಂದಿನ ಶ್ರಾವಣಕ್ಕೆ ಅವಳಿರಲಿಲ್ಲ. ಆ ಮಾತು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ತಿಂಡಿ ತಿಂದು ಮತ್ತೆ ಲ್ಯಾಬಿಗೆ ಬಂದು ಕೂತಿದ್ದೇನೆ. ಖಾಲಿ ಹೊಟ್ಟೆಯದರ ಫಲಿತಾಂಶ ಚೆನ್ನಾಗಿದೆಯಂತೆ; ಎರಡನೆಯದು ಇನ್ನೂ ತೆಗೆದಿಲ್ಲ. ಅಷ್ಟರಲ್ಲಿ ಮನೆಯಿಂದ ಹೆಂಡತಿ ಫೋನ್ ಮಾಡಿದಳು. "ಏನಂದ್ರು? ಎಲ್ಲ ಸರಿ ಐತಂತಾ?" ಜೀವಮಾನವಿಡೀ ಇಂಥ ಪ್ರಶ್ನೆಗೆ ಹೂಂ ಎಂದು ಫೋನಿಟ್ಟವನು ನಾನು.

"ಇನ್ನೂ ಗೊತ್ತಿಲ್ಲ" ಎಂದೆ. "ಆಟೋ ಹಿಡಕಂಡು ನೀನೂ ಬಾ. ನಂಗೆ ಹೆದರಿಕೆ ಆಗ್ತೈತೆ."