ಪಹಣಿಯಲ್ಲಿ ಇಲ್ಲದ ಹೆಸರು

ತಿಮ್ಮವ್ವನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ವಿನಯಕ್ಕಾಗಿ ಹೇಳುತ್ತಿಲ್ಲ. ವಿನಯ ನನ್ನ ಸ್ವಭಾವದಲ್ಲೇ ಇಲ್ಲ, ಬೇಕಾದರೆ ನಮ್ಮ ಕಚೇರಿಯವರನ್ನು ಕೇಳಿ. ಆದರೆ ನಡೆದದ್ದನ್ನು ಪೂರ್ತಿ ಬಲ್ಲವಳು ಈಗ ನಾನೊಬ್ಬಳೇ. ನಾನು ಬರೆಯದಿದ್ದರೆ ಅದು ನನ್ನ ಹೊಟ್ಟೆಯೊಳಗೇ ಉಳಿಯುತ್ತದೆ, ಅಲ್ಲಿ ಅದು ಸುಮ್ಮನೆ ಇರುವುದಿಲ್ಲ.

ನಮ್ಮದು ಮಸ್ಕಿಯಿಂದ ಮೂರು ಮೈಲಿ ದೂರದ ಸಣ್ಣ ಹಳ್ಳಿ. ಅಪ್ಪ ಕರಿಬಸಯ್ಯನವರಿಗೆ ಮಸ್ಕಿಯಲ್ಲಿ ಬಟ್ಟೆ ಅಂಗಡಿ, ಊರಲ್ಲಿ ಹನ್ನೆರಡು ಎಕರೆ ಎರೆಹೊಲ. ಆ ಹೊಲವನ್ನು ಪಾಲಿಗೆ ಮಾಡುತ್ತಿದ್ದವನು ಯಂಕೋಬ. ನಾನು ಹುಟ್ಟುವ ಮೊದಲಿನಿಂದಲೂ ಅವನೇ ಬಿತ್ತುತ್ತಿದ್ದ, ಅವನೇ ಹರಗುತ್ತಿದ್ದ, ರಾಶಿಯಾದ ಮೇಲೆ ಅರ್ಧ ತಂದು ನಮ್ಮ ಪಡಸಾಲೆಯಲ್ಲಿ ಇಳಿಸುತ್ತಿದ್ದ. ಅಪ್ಪ ವರ್ಷಕ್ಕೆ ಎರಡು ಸಲ, ಅದೂ ಚಪ್ಪಲಿಗೆ ಕೆಸರು ಹತ್ತದ ಕಾಲ ನೋಡಿಕೊಂಡು, ಹೊಲಕ್ಕೆ ಹೋಗಿಬರುತ್ತಿದ್ದರು. ತಿಮ್ಮವ್ವ ಯಂಕೋಬನ ಹಿರಿಯ ಮಗಳು, ನನ್ನ ಓರಗೆಯವಳು.

ಅವಳ ಸೊಂಟ ಖಾಲಿ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ತಮ್ಮ, ತಂಗಿ, ಓಣಿಯ ಯಾರದೋ ಕೂಸು, ಒಂದಲ್ಲ ಒಂದು ಅಲ್ಲಿರುತ್ತಿತ್ತು. ಕೂಸು ಅತ್ತರೆ ಬೇರೆಯವರು ತಟ್ಟಿ ಸುಮ್ಮನಾಗಿಸುತ್ತಿದ್ದರು, ಇವಳು ಮಾತ್ರ ಅದರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದಳು. "ಇದಕ ಹಸಿವಿ ಅಲ್ಲಬೇ. ಅವರಣ್ಣ ಸಾಲಿಗೆ ಹೋದ ಕೂಡ್ಲೇ ಅಳ್ತೈತಿ. ದಿನಾ ಅದೇ ಹೊತ್ತು," ಎನ್ನುತ್ತಿದ್ದಳು. ನಾಲ್ಕು ದಿನ ಗಮನಿಸಿದರೆ ಅದು ನಿಜವೇ ಆಗಿರುತ್ತಿತ್ತು.

ಇಬ್ಬರೂ ಮಸ್ಕಿಯಿಂದ ಬಸ್ಸು ಹಿಡಿದು ಲಿಂಗಸುಗೂರಿಗೆ ಹೋಗಿ ಪಿಯುಸಿ ಓದಿದೆವು. ಎರಡನೇ ವರ್ಷದಲ್ಲಿ, ಅಂದರೆ ಎಂಬತ್ತಾರರಲ್ಲಿ, ಅವಳು ಯಾವುದೋ ಹಳೆಯ ಪೇಪರಿನಲ್ಲಿ ಒಂದು ಸುದ್ದಿ ಓದಿದಳು. ಮಕ್ಕಳ ಬೆಳವಣಿಗೆ, ಕುಟುಂಬದ ಅಧ್ಯಯನ ಅಂತಲೇ ಒಂದು ಡಿಗ್ರಿ ಇದೆಯಂತೆ. ಅಂದಿನಿಂದ ಅವಳಿಗೆ ಅದೇ ಧ್ಯಾನ. ಕಾಲೇಜಿನ ಲೈಬ್ರರಿಯಲ್ಲಿ ವಿಳಾಸ ಹುಡುಕಿ ಆರು ಕಡೆ ಕಾರ್ಡು ಬರೆದಳು. ಎಲ್ಲದರಲ್ಲೂ ಅವೇ ಪ್ರಶ್ನೆ: ವರ್ಷಕ್ಕೆ ಖರ್ಚು ಎಷ್ಟು, ಹೆಣ್ಣುಮಕ್ಕಳಿಗೆ ಹಾಸ್ಟೆಲ್ ಇದೆಯೇ, ಕಾಲೇಜಿನೊಳಗೆ ಮಕ್ಕಳು ಇದ್ದಾರೆಯೇ.

ಕೊನೆಯದನ್ನು ಓದಿ ನಾನು ನಕ್ಕಿದ್ದೆ. "ಕಾಲೇಜಿನಾಗ ಮಕ್ಳು ಯಾಕ ಇರ್ತಾವಬೇ?"

"ಮಕ್ಳಿಲ್ದ ಮಕ್ಳ ಬಗ್ಗೆ ಏನ್ ಕಲಿಸ್ತಾರ? ಈಜು ಕಲಿಸಾಕ ಬಾವಿ ಬ್ಯಾಡೇನು?"

ಮೂರು ಕಡೆಯಿಂದ ಉತ್ತರ ಬಂತು. ದೊಡ್ಡ ಊರಿನ ಒಂದು ಕಾಲೇಜು ಬಣ್ಣದ ಪುಸ್ತಕವನ್ನೇ ಕಳಿಸಿತ್ತು. ಅಲ್ಲಿನ ಫೀಜು ನೋಡಿ ತಿಮ್ಮವ್ವ ಪುಸ್ತಕವನ್ನು ತಮ್ಮನ ಕೈಗೆ ಚಿತ್ರ ನೋಡಲು ಕೊಟ್ಟುಬಿಟ್ಟಳು. ಎರಡನೆಯದು ಲಿಂಗಸುಗೂರಿನಲ್ಲೇ ಇದ್ದ ಖಾಸಗಿ ತರಬೇತಿ ಕೇಂದ್ರ, ಮೂರೇ ತಿಂಗಳಿಗೆ ಸರ್ಟಿಫಿಕೇಟು. ಅದನ್ನು ನೋಡಲು ಇಬ್ಬರೂ ಹೋದೆವು. ಒಂದು ಕೋಣೆ, ಎರಡು ಬೆಂಚು, ಗಾಜಿನ ಕಪಾಟಿನ ತುಂಬ ಗೊಂಬೆ. ತಿಮ್ಮವ್ವ ಕಪಾಟಿನ ಹತ್ತಿರ ಹೋಗಿ ನೋಡಿ ವಾಪಸು ಬಂದಳು. "ಆಟದ ಸಾಮಾನಿಗೆ ಕೀಲಿ ಹಾಕ್ಯಾರ. ನಡಿ ಹೋಗೋಣು," ಅಂದಳು. ಮುಂದೆ ನಾನು ನಾಲ್ಕು ವರ್ಷ ಓದಿ, ಹತ್ತಾರು ಕೇಂದ್ರಗಳ ತಪಾಸಣೆ ಮಾಡಿದ್ದೇನೆ. ಅಷ್ಟು ಬೇಗ, ಅಷ್ಟು ಸರಿಯಾಗಿ ಒಂದು ಸಂಸ್ಥೆಯನ್ನು ಅಳೆಯುವುದು ನನಗೆ ಇವತ್ತಿಗೂ ಬಂದಿಲ್ಲ.

ಮೂರನೆಯದು ಧಾರವಾಡದ ಕಡೆಯ ಒಂದು ಸರ್ಕಾರಿ ಗೃಹವಿಜ್ಞಾನ ಕಾಲೇಜು. ಫೀಜು ಕಡಿಮೆ, ಹಾಸ್ಟೆಲ್ ಇದೆ, ಕಾಂಪೌಂಡಿನೊಳಗೆ ಮೂವತ್ತು ಮಕ್ಕಳ ಶಿಶುವಿಹಾರವೂ ಇದೆ. ಒಕ್ಕಲುತನದ ಮನೆಯ ಮಕ್ಕಳಿಗೆ ಕೆಲವು ಸೀಟು ತೆಗೆದಿಟ್ಟಿದ್ದರು. ಅದಕ್ಕೆ ಬೀಜ, ಸಲಕರಣೆ ಗುರುತಿಸುವ ಒಂದು ಪರೀಕ್ಷೆ, ಜೊತೆಗೆ ತಂದೆ ಹೊಲ ಮಾಡುತ್ತಾನೆಂಬ ದಾಖಲೆ. ಆ ಕಾರ್ಡನ್ನು ಅವಳು ಎಷ್ಟು ಸಲ ಓದಿದಳೋ, ಅದರ ಮೂಲೆಗಳು ಮೆತ್ತಗಾಗಿದ್ದವು.

ನನಗೆ ಮಕ್ಕಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವಳು ಹೊರಟಳು ಅಂತ ನಾನೂ ಹೊರಟೆ. ಮನೆಯಲ್ಲಿದ್ದರೆ ಮದುವೆ ಮಾಡುತ್ತಾರೆಂಬ ಹೆದರಿಕೆಯೂ ಇತ್ತು. ಅಪ್ಪ ಒಪ್ಪಿದರು. ಪಹಣಿಯಲ್ಲಿ ಮಾಲೀಕರ ಕಾಲಮ್ಮಿನಲ್ಲೂ ಸಾಗುವಳಿದಾರರ ಕಾಲಮ್ಮಿನಲ್ಲೂ ಅವರ ಹೆಸರೇ ಇತ್ತು. ರಂಟೆ, ನೇಗಿಲು ಮುಟ್ಟದ ಕರಿಬಸಯ್ಯನವರ ಮಗಳಿಗೆ ಒಕ್ಕಲಿನ ಸರ್ಟಿಫಿಕೇಟು ಒಂದೇ ದಿನದಲ್ಲಿ ಕೈಗೆ ಬಂತು.

ತಿಮ್ಮವ್ವನಿಗೆ ಬರಲಿಲ್ಲ. ಗ್ರಾಮಲೆಕ್ಕಿಗ ಹಾಜಿಸಾಬರು ಒಳ್ಳೆಯವರು. "ಮಾಲೀಕರು ಹೌದು ಅಂದ್ರ ಸಾಕು, ನಾ ವಿಚಾರಣೆ ಮಾಡಿ ನಿಮ್ಮಪ್ಪನ ಹೆಸರು ಬರೀತೀನಿ," ಎಂದು ಅವಳಿಗೆ ಹೇಳಿ, ತಾವೇ ನಮ್ಮ ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ಅಪ್ಪನನ್ನು ಕೇಳಿದರು. "ಅಯ್ಯಾರ, ಹೊಲಾ ಯಂಕೋಬ ಪಾಲಿಗೆ ಮಾಡ್ತಾನಲ್ರೀ? ಹುಡುಗಿ ಓದಿಗೆ ಬೇಕಾಗೈತಿ."

ಅಪ್ಪನ ಮುಖ ಬಿಗಿಯಿತು. ಉಳುವವನ ಹೆಸರು ಕಾಗದದಲ್ಲಿ ಬಂದರೆ ಹೊಲವೇ ಹೋಗುತ್ತದೆ ಎಂಬ ಭಯ ನಮ್ಮ ಕಡೆಯ ಹೊಲದವರಿಗೆಲ್ಲ ಎಪ್ಪತ್ತರ ದಶಕದ ಭೂಸುಧಾರಣೆ ಕಾಯ್ದೆಯಿಂದ ಹೊಕ್ಕಿತ್ತು. ಉಳುವವನು ಅರ್ಜಿ ಕೊಡುವ ಗಡುವು ಎಂದೋ ಮುಗಿದಿತ್ತು, ಭಯ ಮಾತ್ರ ಮುಗಿದಿರಲಿಲ್ಲ. "ಪಾಲೂ ಇಲ್ಲ ಗೀಲೂ ಇಲ್ಲ. ನಾವಽ ಮಾಡಿಸ್ತೀವಿ. ಅಂವ ಕೂಲಿಗೆ ಬರ್ತಾನ," ಅಂದರು.

ಹಾಜಿಸಾಬರು ಅಷ್ಟಕ್ಕೆ ಎದ್ದು ಹೋಗಬಹುದಿತ್ತು. ಚಹಾ ತಂದಿದ್ದ ನನ್ನ ಕಡೆ ತಿರುಗಿದರು. "ನೀ ಹೇಳವ್ವಾ ಸಂಗಮ್ಮ. ನಿನ್ನ ಗೆಳತಿ ಮಾತು. ಹೊಲಾ ಯಾರು ಮಾಡ್ತಾರ?"

ಅಪ್ಪ ನನ್ನತ್ತ ನೋಡಲೂ ಇಲ್ಲ. ಕಣ್ಣು ಬಿಟ್ಟು ಹೆದರಿಸಿದ್ದರೆ ನನಗೆ ಒಂದು ನೆಪವಾದರೂ ಸಿಗುತ್ತಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ. ನಮ್ಮ ಭಾಗಕ್ಕೆ ಎರಡೋ ಮೂರೋ ಸೀಟು. ತಿಮ್ಮವ್ವ ಪರೀಕ್ಷೆಗೆ ಕೂತರೆ ಒಂದು ಅವಳದ್ದೇ, ಅದರಲ್ಲಿ ಅನುಮಾನವಿಲ್ಲ. ಉಳಿದದ್ದು ನನಗೆ ಸಿಗುತ್ತದೆಂಬ ಖಾತ್ರಿಯಿಲ್ಲ.

"ಕೂಲಿಗೆ ಬರ್ತಾನ್ರೀ," ಅಂದೆ.

ಹಾಜಿಸಾಬರು ಚಹಾ ಕುಡಿಯದೆ ಎದ್ದರು.

ಅವತ್ತು ಸಂಜೆ ತಿಮ್ಮವ್ವ ಬಾವಿಯ ಹತ್ತಿರ ಕೇಳಿದಳು. "ಹಾಜಿಸಾಬರು ಬಂದಿದ್ರಂತಲ್ಲ. ಏನಾತು?"

"ಅಪ್ಪ ಒಪ್ಪಲಿಲ್ಲಬೇ. ನಾ ಭಾಳ ಹೇಳಿದೆ," ಅಂದೆ. ಒಂದು ಸುಳ್ಳಿಗೆ ಇನ್ನೊಂದನ್ನು ಹೆಣೆದದ್ದಲ್ಲದೆ, ಅವಳ ಕಣ್ಣಲ್ಲಿ ಒಳ್ಳೆಯವಳೂ ಆಗಬೇಕಿತ್ತು ನನಗೆ.

ಅವಳು ಕೊಡ ತುಂಬಿಸಿ ಸೊಂಟಕ್ಕೆ ಏರಿಸಿಕೊಂಡಳು. "ಹೋಗ್ಲಿ ಬಿಡು. ನೀನರ ಹೋಗು. ಆದ್ರ ನಿನಗ ಸಜ್ಜಿ ಯಾವುದು ನವಣಿ ಯಾವುದು ಗೊತ್ತೈತೇನು?" ಅಂದಳು.

ಗೊತ್ತಿರಲಿಲ್ಲ. ಎಂಟು ದಿನ ಅವಳೇ ಕಲಿಸಿದಳು. ಸೆರಗಿನಲ್ಲಿ ಬೀಜ ಕಟ್ಟಿಕೊಂಡು ಬಂದು ನನ್ನ ಅಂಗೈ ಮೇಲೆ ಹಾಕಿ, ಕಣ್ಣು ಮುಚ್ಚಿಸಿ ಹೇಳಿಸುತ್ತಿದ್ದಳು. ಎಳ್ಳು ಜಾರುತ್ತದೆ, ಗುರೆಳ್ಳು ಚುಚ್ಚುತ್ತದೆ, ಕುಸುಬಿ ಹಲ್ಲಿನ ಹಾಗೆ ನುಣ್ಣಗೆ, ಗಟ್ಟಿ. ಯಂಕೋಬನ ಕೊಟ್ಟಿಗೆಯಲ್ಲಿ ಬಿತ್ತುವ ಕೂರಿಗೆಯ ತಾಳುಗಳನ್ನು ಎಣಿಸಿದೆ, ಹರಗುವ ಕುಂಟೆಯ ಕಬ್ಬಿಣದ ಕುಡ ಮುಟ್ಟಿ ನೋಡಿದೆ. ಯಂಕೋಬ ನಡುವೆ ನಡುವೆ ಬಂದು, "ಅಯ್ಯಾರ ಮಗಳು ಕಲಿಯಾಕತ್ತ್ಯಾಳ" ಎಂದು ಹಿಗ್ಗಿ, ನನಗೆ ಕೂರಲು ಗೋಣಿಚೀಲ ಹಾಸುತ್ತಿದ್ದ. ಆ ಚೀಲದ ಮೇಲೆ ಕೂತೆ. ನಾಚಿಕೆ ಅನ್ನುವುದು ಒಂದಿದ್ದರೆ ನೆಲದ ಮೇಲೆ ಕೂರುತ್ತಿದ್ದೆ.

ಪರೀಕ್ಷೆಯಲ್ಲಿ ತಟ್ಟೆಗಳಲ್ಲಿ ಇಟ್ಟಿದ್ದ ಬೀಜಗಳನ್ನು ಒಂದನ್ನೂ ತಪ್ಪದೆ ಹೇಳಿದೆ. ಪರೀಕ್ಷಕರು ವಯಸ್ಸಾದವರು. ಸಜ್ಜೆಯನ್ನು ಎಷ್ಟು ಆಳಕ್ಕೆ ಬಿತ್ತುತ್ತಾರೆಂದು ಕೇಳಿದಾಗ, ತಿಮ್ಮವ್ವ ಹೇಳಿಕೊಟ್ಟ ಹಾಗೆಯೇ ಬೆರಳಿನ ಗಿಣ್ಣು ತೋರಿಸಿದೆ. "ಒಕ್ಕಲಿನ ಮನಿ ಮಗಳು ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ಅವರು ಪಕ್ಕದವರಿಗೆ ಹೇಳಿದರು. ಕಿವಿ ಬಿಸಿಯಾಯಿತು. ಆದರೂ ಸೀಟು ಬಿಡಲಿಲ್ಲ ನಾನು.

ತಿಮ್ಮವ್ವ ಕಾಲೇಜಿನಲ್ಲಿದ್ದ ನನಗೆ ಕಾಗದ ಬರೆಯುತ್ತಿದ್ದಳು. ಕಚ್ಚುವ ಕೂಸಿಗೆ ಅಲ್ಲಿ ಏನು ಮಾಡುತ್ತಾರೆ, ಅವ್ವ ಸತ್ತದ್ದನ್ನು ಮೂರು ವರ್ಷದ ಮಗುವಿಗೆ ಹೇಗೆ ಹೇಳುತ್ತಾರೆ, ನೋಟ್ಸು ಕಳಿಸು. ಮೊದಲ ವರ್ಷ ಕಳಿಸಿದೆ. ಆಮೇಲೆ ಅವಳ ಅಕ್ಷರ ಕಂಡರೆ ಕಾಗದ ಒಡೆಯಲೂ ಮನಸ್ಸಾಗುತ್ತಿರಲಿಲ್ಲ. ಉತ್ತರ ನಿಲ್ಲಿಸಿದೆ. ಅವಳೂ ನಿಲ್ಲಿಸಿದಳು. ಸಾಲಗುಂದಕ್ಕೆ ಮದುವೆಯಾಗಿ ಹೋದಳೆಂದು ಊರಿಗೆ ಬಂದಾಗ ತಿಳಿಯಿತು.

ತೊಂಬತ್ತಾರರಲ್ಲಿ ನಾನು ಅಂಗನವಾಡಿಗಳ ಮೇಲ್ವಿಚಾರಕಿಯಾಗಿ ಸಿಂಧನೂರಿಗೆ ಬಂದೆ. ಅಲ್ಲಿನ ಅಕ್ಕಿ ಗಿರಣಿಯೊಂದರ ಪಾಲುದಾರರ ಜೊತೆ ಅಷ್ಟರಲ್ಲಿ ನನ್ನ ಮದುವೆಯೂ ಆಗಿತ್ತು. ಅಂಗನವಾಡಿ ಕಾರ್ಯಕರ್ತೆಯರ ಪಟ್ಟಿಯಲ್ಲಿ ಸಾಲಗುಂದದ ಮುಂದೆ ತಿಮ್ಮವ್ವನ ಹೆಸರು ನೋಡಿ ಒಂದು ತಿಂಗಳು ಆ ಕಡೆ ಸುಳಿಯಲಿಲ್ಲ. ಕೊನೆಗೆ ಹೋಗಲೇಬೇಕಾಯಿತು.

ನಾಟಿಯ ಕಾಲ. ತಾಯಂದಿರೆಲ್ಲ ಕಾಲುವೆಯ ಕೆಳಗಿನ ಗದ್ದೆಯಲ್ಲಿದ್ದರು. ಒಂದೇ ಕೋಣೆಯಲ್ಲಿ ನಲವತ್ತು ಮಕ್ಕಳು, ಜಂತಿಗೆ ಕಟ್ಟಿದ ಸೀರೆಯ ತೊಟ್ಟಿಲುಗಳಲ್ಲಿ ಇನ್ನೂ ನಾಲ್ಕು ಕೂಸು. ಸರ್ಕಾರ ಕೊಟ್ಟ ಆಟದ ಸಾಮಾನೆಲ್ಲ ನೆಲದ ಮೇಲಿತ್ತು, ಅರ್ಧ ಮುರಿದಿತ್ತು. ತಿಮ್ಮವ್ವ ಎದ್ದು ನಿಂತಳು. "ಬರ್ರಿ ಮೇಡಮ್ಮಾರ," ಅಂದಳು. ನಾನು ಕೂರುವ ತನಕ ಅವಳು ಕೂರಲಿಲ್ಲ.

"ನನಗ ಮೇಡಂ ಅನಬ್ಯಾಡಬೇ," ಅಂದೆ.

"ಕಚೇರಿ ಕೆಲಸಾರೀ ಇದು, ಅನ್ನಬೇಕಾಕ್ಕತಿ," ಅಂದಳು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ.

ಇಲಾಖೆ ಕೇಳದ ಒಂದು ನೋಟುಬುಕ್ಕು ಅವಳ ಹತ್ತಿರ ಇತ್ತು. ಪ್ರತಿ ಮಗುವಿಗೆ ನಾಲ್ಕು ಹಾಳೆ. ಯಾವ ದಿನ ಮೊದಲ ಮಾತು, ಯಾರ ಮಗ್ಗುಲಲ್ಲಿ ಮಲಗುತ್ತದೆ, ಯಾವುದಕ್ಕೆ ಬೆಚ್ಚುತ್ತದೆ, ಎಲ್ಲ ಬರೆದಿತ್ತು. ಡಿಗ್ರಿಗೆಂದು ನಾನು ಒಂದು ಮಗುವಿನ ಮೇಲೆ ಬರೆದ ವರದಿಗೆ ಬಹುಮಾನ ಬಂದಿತ್ತು. ಈ ಪುಸ್ತಕದ ಮುಂದೆ ಅದು ಕಸ. ನಾನು ಹಾಳೆ ತಿರುವುತ್ತಿದ್ದೆ, ಅವಳು ಹಿಂಜರಿಯುತ್ತ ಮಾತು ತೆಗೆದಳು.

"ನಮ್ಮ ಸಣ್ಣ ತಂಗಿ ಅಮರಮ್ಮ ಪಿಯುಸಿ ಪಾಸಾಗ್ಯಾಳ್ರೀ. ಅದೇ ಕಾಲೇಜಿಗೆ ಹೋಗ್ತೀನಂತಾಳ. ನಾನಽ ಕಾರ್ಡು ಬರೆದು ಕೇಳೀನಿ, ಒಕ್ಕಲಿನವರ ಸೀಟು ಈಗೂ ಅದಾವಂತ. ಅಪ್ಪ ಈಗೂ ನಿಮ್ಮ ಹೊಲಾನ ಮಾಡಾಕತ್ತಾನ. ಅಯ್ಯಾರು ಆಗ ಒಪ್ಪಲಿಲ್ಲ, ಇರ್ಲಿ. ಈಗ ವಯಸ್ಸಾಗ್ಯಾರ, ನೀವು ಹೇಳಿದ್ರ ಕೇಳ್ಯಾರು. ಆಗೂ ನನ್ನ ಸಲುವಾಗಿ ಭಾಳ ಹೇಳಿದ್ರಿ ನೀವು."

ಕಟ್ಟೆಯ ಮೇಲೆ ನಾನಾಡಿದ ಮಾತನ್ನು ಹಾಜಿಸಾಬರು ಅವಳಿಗೆ ಮುಟ್ಟಿಸಿರಲಿಲ್ಲ, ಹತ್ತು ವರ್ಷ ಅವಳು ಆ ಸುಳ್ಳನ್ನು ನನ್ನ ಉಪಕಾರವೆಂದು ಇಟ್ಟುಕೊಂಡಿದ್ದಳು.

ಅವಳಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು. ಆ ಹೊಲವನ್ನು ಅಪ್ಪ ಎರಡು ವರ್ಷದ ಹಿಂದೆಯೇ ನನ್ನ ಹೆಸರಿಗೆ ಮಾಡಿದ್ದರು. ಯಂಕೋಬ ಮಾಡುತ್ತಾನೆಂದು ಹೇಳಲು ಯಾರನ್ನೂ ಕೇಳಬೇಕಾಗಿರಲಿಲ್ಲ, ನನ್ನ ಒಂದು ಸಹಿ ಸಾಕಾಗಿತ್ತು. ಆದರೆ ನನ್ನ ಗಂಡ ಹೊಲ ಮಾರಿ ಗಿರಣಿಗೆ ಹಾಕಬೇಕೆಂದು ಗಿರಾಕಿ ನೋಡುತ್ತಿದ್ದರು. ಉಳುವವನ ಹೆಸರು ಕಾಗದದಲ್ಲಿ ಕಂಡರೆ ಗಿರಾಕಿ ಹಿಂದೆ ಸರಿಯುತ್ತಾನೆ. ಇಷ್ಟೂ ಲೆಕ್ಕ ನನ್ನ ತಲೆಯಲ್ಲಿ ಮುಗಿಯಲು ಒಂದು ಗಳಿಗೆಯೂ ಹಿಡಿಯಲಿಲ್ಲ.

"ಅಪ್ಪನ್ನ ಕೇಳಿ ಹೇಳ್ತೀನಿ," ಅಂದೆ.

"ಅಷ್ಟು ಮಾಡ್ರೀ ಸಾಕು," ಎಂದು ತಿಮ್ಮವ್ವ ಕೈ ಮುಗಿದಳು.

ಅರ್ಜಿಯ ತಾರೀಖು ಮುಗಿಯುವ ತನಕ ನಾನು ಸಾಲಗುಂದದ ಕಡೆ ಹೋಗಲಿಲ್ಲ. ಆಮೇಲೆ ಹೋಗಿ, ಅಪ್ಪ ಈ ಸಲವೂ ಒಪ್ಪಲಿಲ್ಲ ಅಂದೆ. ಅಪ್ಪನಿಗೆ ಆಗಷ್ಟೇ ಪಾರ್ಶ್ವವಾಯು ಹೊಡೆದು ಮಾತೇ ಬರುತ್ತಿರಲಿಲ್ಲ, ಆ ಸುದ್ದಿ ಇನ್ನೂ ಸಾಲಗುಂದಕ್ಕೆ ಮುಟ್ಟಿರಲಿಲ್ಲ. ಅವಳು ನನ್ನ ಆ ಮಾತನ್ನೂ ನಂಬಿ ತಲೆಯಾಡಿಸಿದಳು.

ಮರುವರ್ಷ ಅದೇ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಯಿತು. ಅಡುಗೆ ಮಾಡುವುದು, ಕಸ ಹೊಡೆಯುವುದು, ಮಕ್ಕಳ ಮೂಗು ಒರೆಸುವುದು. ಪಿಯುಸಿ ಫಸ್ಟ್ ಕ್ಲಾಸಿನ ಅಮರಮ್ಮ ಅಕ್ಕನ ಮನೆಯಲ್ಲೇ ಇದ್ದು ಅದಕ್ಕೆ ಅರ್ಜಿ ಹಾಕಿದಳು. ಶಿಫಾರಸಿಗೆ ನಾನೇ ಸಹಿ ಹಾಕಿದೆ. ಆರ್ಡರು ಬಂದ ದಿನ ತಿಮ್ಮವ್ವ ತಂಗಿಯನ್ನು ಕರೆದುಕೊಂಡು ಸಿಂಧನೂರಿನ ಕಚೇರಿಗೆ ಬಂದಳು. "ಮೇಡಮ್ಮಾರ ಕಾಲು ಮುಟ್ಟು, ನಮ್ಮ ಮನಿಗೆ ಆವಾಗಿಂದಾನೂ ಅವರೇ ಆಗಿಬಂದಾರ," ಎಂದು ತಂಗಿಗೆ ಹೇಳಿ, ಕಾಗದದ ಪೊಟ್ಟಣ ಬಿಚ್ಚಿ ನನ್ನ ಅಂಗೈಗೆ ಸಕ್ಕರೆ ಹಾಕಿದಳು. ಹುಡುಗಿ ನನ್ನ ಕಾಲು ಮುಟ್ಟುತ್ತಿರುವಾಗ ನಾನು ಆ ಸಕ್ಕರೆ ತಿಂದೆ.