ಓರೆ ಹಿಡಿದ ಗಾಜಿನ ನಳಿಗೆ

ಡೊಂಬಿವಲಿಗೆ ಬಂದ ಮರುದಿನ ನಾನು ಮುಂಬೈ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಿಂದ ಇಳಿಯಬೇಕಾದದ್ದು ಠಾಣೆ ಎಂಬ ನಿಲ್ದಾಣದಲ್ಲಿ. ಇಳಿದದ್ದು ಅದರ ಮುಂದಿನ ನಿಲ್ದಾಣದಲ್ಲಿ, ಅದೂ ನನ್ನ ಕಾಲಿನಿಂದಲ್ಲ, ಹಿಂದಿದ್ದವರ ಮೊಣಕೈಯಿಂದ. ನಮ್ಮ ಗದಗದ ಬಸ್ಸಿನಲ್ಲಿ ಸ್ವಲ್ಪ ಸರೀರಿ ಅಂದರೆ ಊರು, ಮನೆತನ ಎಲ್ಲ ವಿಚಾರಿಸಿ ಜಾಗ ಕೊಡುತ್ತಾರೆ. ಇಲ್ಲಿ ಮೂವರ ಸೀಟಿನ ತುದಿಯಲ್ಲಿ ಅರ್ಧ ಕುಂಡಿ ಊರಲು ಸಿಕ್ಕರೆ ಅದಕ್ಕೆ 'ಚೌಥಿ ಸೀಟ್', ನಾಲ್ಕನೆಯ ಸೀಟು, ಅಂತ ಹೆಸರು. ಅದು ಸಿಕ್ಕ ದಿನ ಅವ್ವನಿಗೆ ಫೋನ್ ಮಾಡಿ ಹೇಳಿದೆ.

ನನ್ನ ಕೆಲಸ ನವಿ ಮುಂಬೈನ ಪ್ರಯೋಗಾಲಯದಲ್ಲಿ. ಕೂದಲಿಗಿಂತ ಸಣ್ಣ ಗಾಜಿನ ನಳಿಗೆಯೊಳಗೆ ವಿದ್ಯುದಂಶವಿರುವ ಕಣಗಳನ್ನು ಹಾಯಿಸುತ್ತೇವೆ. ನಳಿಗೆಯನ್ನು ಓರೆ ಹಿಡಿದರೂ ಅವು ಆಚೆ ಬರುತ್ತವೆ. ಹೇಗೆ ಅಂತೀರಾ? ಮೊದಲು ಹೋದವು ಗೋಡೆಗೆ ಬಡಿದು ತಮ್ಮ ವಿದ್ಯುದಂಶವನ್ನು ಅಲ್ಲೇ ಬಿಡುತ್ತವೆ. ಗಾಜು ವಿದ್ಯುತ್ತನ್ನು ಸುಲಭಕ್ಕೆ ಹರಿಯಗೊಡುವುದಿಲ್ಲ, ಹಾಗಾಗಿ ಆ ವಿದ್ಯುದಂಶ ಅಲ್ಲೇ ಕೂತು, ಹಿಂದೆ ಬಂದವನ್ನು ಗೋಡೆಯಿಂದ ದೂರ ತಳ್ಳಿ ದಾಟಿಸುತ್ತದೆ.

ಇದನ್ನು ಕನ್ನಡ ಸಂಘದ ಮಕ್ಕಳಿಗೆ ಹೇಳಲು ಕಾರ್ಯದರ್ಶಿಗಳು ಕರೆದರು, ಆದರೆ ಹೇಳಬೇಕಾದದ್ದು ಹಿಂದಿಯಲ್ಲಿ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿದರೆ ಎದ್ದು ಹೋಗುತ್ತಾರಂತೆ. ನನಗೆ ಪಿತ್ತ ನೆತ್ತಿಗೇರಿತು.

"ಬೋರ್ಡು ಕನ್ನಡದಾಗ ಐತಿ, ಒಳಗ ಬಂದ್ರ ಹಿಂದಿ ಏನ್ರೀ? ನಾ ಕನ್ನಡದಾಗ ಹೇಳಾಕಿ."

ಆಗಲಿ, ಆದರೆ ಮಕ್ಕಳು ಎದ್ದರೆ ಇನ್ನು ಮೇಲೆ ಎಲ್ಲ ಉಪನ್ಯಾಸವೂ ಹಿಂದಿಯಲ್ಲೇ ಎಂದರು ಅವರು. ನನಗೆ ಕೋಣೆ ಕೊಟ್ಟಿದ್ದ ಉಡುಪಿ ಕಡೆಯ ಸುಮತಿ ಅಕ್ಕ, ಹಠ ಯಾಕೆ ಮಾರಾಯ್ತಿ, ನನ್ನ ಮಗಳು ಶ್ರಾವ್ಯಾಳೇ ನನಗೆ ಮರಾಠಿಯಲ್ಲಿ ಉತ್ತರ ಕೊಡುವವಳು, ಎಂದು ಕಣ್ಣೊರೆಸಿಕೊಂಡರು.

ಭಾನುವಾರ ಸಭೆ. ಕೂದಲೆಳೆಯಂಥ ನಳಿಗೆಗೆ 'ಲೋಮನಾಳ' ಅಂದದ್ದಕ್ಕೆ ಹುಡುಗರು ಕಿಸಕ್ಕೆಂದರು. ಆ ಪುಸ್ತಕದ ಶಬ್ದ ಬಿಟ್ಟು, ಎಳನೀರಿನ ಸ್ಟ್ರಾ ಹಿಡಿದು 'ನಳಿಗೆ' ಅಂದೆ. ಇಬ್ಬರು ಎದ್ದು ಹೋದರು. ಕಾರ್ಯದರ್ಶಿಗಳು ನನ್ನ ಮುಖ ನೋಡಿದರು, ನಾನು ನಿಲ್ಲಿಸಲಿಲ್ಲ. ಉಳಿದ ಮಕ್ಕಳು ಕೂತೇ ಇದ್ದರು.

ಕೊನೆಗೆ ಶ್ರಾವ್ಯಾ ಎದ್ದು, ಗೋಡೆಗೆ ಬಡಿದವುಗಳ ಗತಿ ಏನು ಎಂದು ಮರಾಠಿಯಲ್ಲಿ ಕೇಳಿದಳು. ಅವು ಅಲ್ಲೇ ಅಂಟಿಕೊಂಡಿರುತ್ತವೆ, ಅದರಿಂದಲೇ ಉಳಿದವಕ್ಕೆ ದಾರಿ ಎಂದು ಕನ್ನಡದಲ್ಲಿ ಹೇಳಿದೆ. ಅವಳು ಹಿಂದೆ ಕೂತಿದ್ದ ತಾಯಿಯ ಕಡೆ ತಿರುಗಿದಳು. ಆಮೇಲೆ ತಡವರಿಸುತ್ತ ಕನ್ನಡದಲ್ಲಿ ಕೇಳಿದಳು.

"ಅವಕ್ಕೆ ವಾಪಸ್ ಹೋಗ್ಲಿಕ್ಕೆ ಆಗುದಿಲ್ವಾ?"

ಸುಮತಿ ಅಕ್ಕ ಸೆರಗು ಬಾಯಿಗಿಟ್ಟುಕೊಂಡರು. ನಾನು ಗೆದ್ದಿದ್ದೆ, ಆದರೆ ಉತ್ತರ ಕೊಡಬೇಕಿತ್ತಲ್ಲ.

"ನಿಧಾನಕ್ಕ ಗಾಜಿನ ಮ್ಯಾಲ ಸೋರಿ ಹೋಗ್ತಾವವ್ವ. ಬಂದ ದಾರಿಗೆ ಅಲ್ಲ."

ಇದೇ ಮಾತನ್ನು ಪ್ರಯೋಗಾಲಯದಲ್ಲಿ ಇಂಗ್ಲಿಷಿನಲ್ಲಿ ಎಷ್ಟೋ ಸಲ ಹೇಳಿದ್ದೆ, ಏನೂ ಅನ್ನಿಸಿರಲಿಲ್ಲ. ಕನ್ನಡದಲ್ಲಿ ಹೇಳಿದ್ದೇ ತಡ, ಗದಗದ ಬಸ್ಸು ಕಣ್ಣಿಗೆ ಬಂತು. ಹೇಗಾದರೂ ಮುಗಿಸೋಣವೆಂದು ಬಾಯಿ ತೆರೆದರೆ ಹೊರಬಿದ್ದದ್ದು 'ಚಲಾ, ಝಾಲಂ', ನಡೀರಿ ಮುಗೀತು ಅನ್ನುವ ಮರಾಠಿ. ಮಕ್ಕಳು ಹೋ ಎಂದು ನಕ್ಕರು. ನಗಲಿ. ಮುಂದಿನ ಸಲವೂ ಕನ್ನಡದಲ್ಲೇ ಹೇಳುತ್ತೇನೆ.