ಹೊಸ ಶೂ ಮೆಟ್ಟುವ ದೊಡ್ಡಪ್ಪ

ಆ ಮನೆಯಲ್ಲಿ ಯಾರಿಗೆ ಹೊಸ ಶೂ ಬಂದರೂ ಅದನ್ನು ಮೊದಲು ಮೆಟ್ಟುವವರು ದೊಡ್ಡಪ್ಪ. ದಪ್ಪ ಕಾಲುಚೀಲ ಏರಿಸಿಕೊಂಡು ನಡುಮನೆಯ ಉದ್ದಕ್ಕೂ ಮದುಮಗನ ಗತ್ತಿನಲ್ಲಿ ಓಡಾಡುತ್ತಾರೆ. “ಚರ್ಮಕ್ಕೆ ಕಾಲಿನ ಪರಿಚಯ ಆಗೋವರೆಗೂ ಸ್ವಲ್ಪ ಬಿಗುಮಾನ ಇರುತ್ತೆ” ಎಂಬುದು ಅವರ ಮಾತು. ತಮ್ಮನ ಮಗ ಹೊಸ ಜೀನ್ಸಿನ ಗುಂಡಿ ಹಾಕಲಾಗದೆ ಒದ್ದಾಡಿದರೆ, “ಈಗಲೇ ಸಡಿಲ ಇದ್ದರೆ ಆಮೇಲೆ ಗೋಣಿಚೀಲ ಆಗುತ್ತೆ ಕಣೋ, ಕುಕ್ಕರುಗಾಲಲ್ಲಿ ಕೂತು ಏಳು” ಎಂದು ತಾವೇ ಕೂತು ತೋರಿಸಿ, ಏಳಲಾಗದೆ ಗೋಡೆ ಹಿಡಿಯುತ್ತಾರೆ. ಪಕ್ಕದ ಮನೆಯ ಮೇಷ್ಟರ ಶೂಗಳೂ ಇವರ ಕಾಲಿಗೆ ಬಂದು ಮೆತ್ತಗಾಗಿ ಹೋಗಿವೆ. ಈ ಚಾಳಿ ಶುರುವಾದದ್ದು ದೊಡ್ಡಮ್ಮನಿಂದ. ಸಕ್ಕರೆ ಕಾಯಿಲೆಯಿಂದ ಆಕೆಯ ಪಾದಗಳಲ್ಲಿ ಸ್ಪರ್ಶಜ್ಞಾನವೇ ಇಲ್ಲ. ಶೂ ಕಚ್ಚಿ ರಕ್ತ ಬಂದರೂ ತಿಳಿಯುವುದಿಲ್ಲ. ಹಾಗೆ ಕಚ್ಚಿದ ಗಾಯ ಕೀವಾಗಿ ಒಮ್ಮೆ ಒಂದು ಬೆರಳನ್ನೇ ತೆಗೆಯಬೇಕಾಯಿತು. ಅಂದಿನಿಂದ ಆಕೆಯ ಹೊಸ ಶೂಗಳನ್ನು ಇವರು ಬರಿಗಾಲಿಗೆ ತುರುಕಿಕೊಂಡು ನಡೆಯುತ್ತಾರೆ. ತಮ್ಮ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದ ಜಾಗ ನೋಡಿಕೊಂಡು, ಶೂವಿನ ಅದೇ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. “ನೋಯ್ತಾ ಇದೆಯಾ?” ಎಂದು ದೊಡ್ಡಮ್ಮ ಕೇಳಿದರೆ, “ಇನ್ನೂ ಸ್ವಲ್ಪ ನೋಯುತ್ತೆ. ನೀನು ನಾಳೆ ಹಾಕ್ಕೊಳ್ಳುವಿಯಂತೆ” ಎನ್ನುತ್ತಾರೆ.